ಆರು ಕೊಂಬಿನ ಪೆಟ್ಟಿಗೆ

ಗೋಡೆಗಳು ಎಷ್ಟು ದಪ್ಪ ಇವೆ ಎಂದು ಅಂಗಡಿಯ ಹೆಂಗಸು ಕೇಳಿದಾಗ, ಜಗತ್ತಿನಲ್ಲಿ ಇಂಥದೊಂದು ಪ್ರಶ್ನೆ ಇರಬಹುದೆಂದೇ ಈಶ್ವರನಿಗೆ ಅದುವರೆಗೆ ಹೊಳೆದಿರಲಿಲ್ಲ. ಅವನ ಹಾರ್ನು ದಾಟದ ಗೋಡೆಯನ್ನು ಮೂರು ಲೋಕದಲ್ಲಿ ಯಾವ ಗೌಂಡಿಯೂ ಇನ್ನೂ ಕಟ್ಟಿರಲಿಲ್ಲ. ಶಿರಾಳಕೊಪ್ಪದಲ್ಲಿ ನಿಂತು ಅವನು ಮೈಕಿಗೆ 'ಹಲೋ, ಚೆಕ್' ಎಂದರೆ ಇತ್ತ ಶಿಕಾರಿಪುರದ ಕೆರೆಯಲ್ಲಿ ಅಲೆ ಏಳುತ್ತಿತ್ತು, ಅತ್ತ ಆನವಟ್ಟಿಯಲ್ಲಿ ತೊಟ್ಟಿಲ ಕೂಸುಗಳು ಎದ್ದು ಕೂರುತ್ತಿದ್ದವು. ಒಂದು ಸಲ ಚಂದ್ರಗುತ್ತಿಯ ಗುಡ್ಡಕ್ಕೆ ಬಡಿದು ವಾಪಸು ಬಂದ ತನ್ನದೇ ದನಿಗೆ ಅವನು 'ಯಾರ್ರೀ ಅದು, ನಡುವೆ ಬಾಯಿ ಹಾಕಬ್ಯಾಡ್ರಿ' ಎಂದು ಗದರಿಸಿದ್ದನ್ನು ಸೊರಬ ತಾಲ್ಲೂಕಿನ ಅರ್ಧ ಜನ ಇಂದಿಗೂ ನೆನೆಸುತ್ತಾರೆ, ಉಳಿದರ್ಧ ಜನಕ್ಕೆ ಆವತ್ತಿನಿಂದ ಕಿವಿ ಮಂದ. ಅಂಥ ಬಿಂದುಶ್ರೀ ಸೌಂಡ್ಸ್‌ನ ಮಾಲೀಕ ಈಗ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮೊಳಕಾಲು ಜೋಡಿಸಿಕೊಂಡು ಕೂತು, ಗಾಜಿನ ಕಪಾಟಿನಲ್ಲಿ ಸಾಲಾಗಿಟ್ಟ ಪೆಟ್ಟಿಗೆಗಳನ್ನು ನೋಡುತ್ತಿದ್ದ. ಒಂದಕ್ಕೂ ಬಾಯಿರಲಿಲ್ಲ. ತೂತಿಲ್ಲದ, ಜಾಲರಿಯಿಲ್ಲದ, ಉಸಿರೇ ಆಡದ ಪೆಟ್ಟಿಗೆಗಳು. ಇವುಗಳಿಂದ ಏನೋ ಹೊರಟು ಮನೆಯೆಲ್ಲ ತುಂಬುತ್ತದಂತೆ, ಯಾರ ಕಿವಿಗೂ ಬೀಳುವುದಿಲ್ಲವಂತೆ. ಹೀಗೂ ಒಂದು ದಂಧೆ ಇರುತ್ತದೆಯೇ ಎಂದು ಅವನಿಗೆ ಮೈಯೆಲ್ಲ ಸಣ್ಣಗೆ ಉರಿಯಿತು.

"ಮಣ್ಣಿನ ಗ್ವಾಡಿ. ನಮ್ಮಜ್ಜ ಕಟ್ಟಿಸಿದ್ದು. ಆನಿ ಬಂದು ಗುದ್ದಿದ್ರೆ ಆನೀದೇ ತಲಿ ಒಡೀತತಿ" ಎಂದ. ಅದೊಂದು ಒಳ್ಳೆಯ ಸುದ್ದಿ ಎಂಬಂತೆ ಹೇಳಿದ. ಆಕೆ ಕೆಟ್ಟ ಸುದ್ದಿ ಕೇಳಿದವಳಂತೆ ತಲೆಯಾಡಿಸಿ, ರಟ್ಟಿನ ಡಬ್ಬಿಯೊಂದರ ಕಿವಿ ಹರಿದು, ಪೆನ್ನಿನ ಜೊತೆ ಅವನ ಮುಂದಿಟ್ಟಳು. ಯಶೋಧರಾ ಎಂದು ಆಕೆಯ ಹೆಸರು, ಗೋಡೆಯ ಮೇಲಿನ ಲೈಸೆನ್ಸಿನಲ್ಲಿ ಕಾಣುತ್ತಿತ್ತು. ಮನೆ ಬರೆದು ತೋರಿಸಿದರೆ, ಲೈನು ಎಲ್ಲಿ ಬಂದಿದೆ, ನೆಟ್ಟು ಎಲ್ಲಿ ಬೇಕು ಎನ್ನುವುದರ ಮೇಲೆ ಯಾವ ಪೆಟ್ಟಿಗೆ ಎಂದು ಹೇಳಬಹುದು ಎಂದಳು. ಈಶ್ವರ ಬರೆದ. ರೈಲಿನ ಬೋಗಿಗಳ ಹಾಗೆ ಒಂದರ ಹಿಂದೊಂದು ಕೋಣೆಗಳ ಮನೆ ಅದು. ಬೀದಿಗೆ ಮುಖಮಾಡಿದ ಮೊದಲ ಕೋಣೆ, ಅಲ್ಲಿ ಮೊನ್ನೆ ಫೈಬರ್ ಕಂಪನಿಯವನು ಒಂದು ಬಿಳಿ ಡಬ್ಬಿ ಗೋಡೆಗೆ ಬಡಿದು, ಇದರ ಗಾಳಿ ಈ ಕೋಣೆ ದಾಟಲ್ಲ, ಬೇರೆ ರೂಟರ್ ತಗೊಳ್ರಿ ಎಂದು ಹೇಳಿ ಹೋಗಿದ್ದ. ಅದರ ಹಿಂದೆ ಮೈಕ್‌ಸೆಟ್ಟಿನ ಸಾಮಾನು, ಹಾರ್ನು, ಕಬ್ಬಿಣದ ಟ್ರಂಕು, ಮಡಚುವ ಕುರ್ಚಿಗಳ ರಾಶಿ. ಅದರ ಹಿಂದೆ ನಡುಮನೆ. ಅದರ ಹಿಂದೆ ಅಡಿಗೆಮನೆ. ಅಲ್ಲಿಗೆ ಒಂದು ಗೆರೆ ಎಳೆದು ಪೆನ್ನು ಮುಚ್ಚಿದ.

"ಇಲ್ಲಿಗೆ ಮುಗೀತೇನ್ರಿ ಮನಿ?"

ಈಶ್ವರ ರಟ್ಟನ್ನೇ ನೋಡಿದ. ಗೆರೆಯ ಆಚೆ ರಟ್ಟು ಖಾಲಿ ಇತ್ತು. ಪೆನ್ನು ಬಿಚ್ಚಿ ಇನ್ನೊಂದು ಚೌಕ ಬರೆದ, ಉಳಿದವಕ್ಕಿಂತ ಸಣ್ಣದು. ಇಲ್ಲಿ ಒಂದು ಕ್ವಾಣಿ ಐತಿ, ನೆಟ್ಟು ಬೇಕಾಗಿರೋದು ಇಲ್ಲಿ ಮಾತ್ರ ಎಂದ. ಅಲ್ಲಿ ಯಾರಿರುತ್ತಾರೆ ಎಂದು ಆಕೆ ಕೇಳಿದಳು. ಎಷ್ಟು ಫೋನು, ಎಷ್ಟು ಹೊತ್ತು ಬಳಸುತ್ತಾರೆ ಎಂದು ತಿಳಿಯಲು ಕೇಳಿದ ಪ್ರಶ್ನೆ ಅದು, ಬೇರೇನಲ್ಲ. ಮಗಳು ಎಂದು ಹೇಳುವಷ್ಟರಲ್ಲಿ ಅವನು ಪೆನ್ನನ್ನು ಎರಡು ಸಲ ಮುಚ್ಚಿ ಬಿಚ್ಚಿದ.

ಬೆಳಿಗ್ಗೆ ಅವನು ಬಸ್ಸಿಗೆ ಹೊರಟಾಗಲೂ ಅವಳು ಗೇಟಿನ ಹೊರಗೇ ನಿಂತಿದ್ದಳು. ಆ ಮಣ್ಣಿನ ಗೋಡೆ, ಮೇಲೆ ತಗಡು. ಮನೆಯೊಳಗೆ ಫೋನು ದಡದ ಮೇಲಿನ ಮೀನಿನ ಹಾಗೆ ಬಿದ್ದಿರುತ್ತಿತ್ತು, ಗೇಟು ದಾಟಿ ಹೊಂಗೆಮರದ ಕೆಳಗೆ ಹೋದರೆ ಮಾತ್ರ ಅದಕ್ಕೆ ಜೀವ. ಮಗಳು ಬಿಂದುಶ್ರೀ ದಿನಾ ಅಲ್ಲಿ ನಿಂತು, ಫೋನನ್ನು ಮರದ ಕವಲಿಗೆ ಆನಿಸಿ, ಕಿವಿಗೆ ವೈರು ಸಿಕ್ಕಿಸಿಕೊಂಡು, ಯಾವ ಯಾವುದೋ ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಎದುರಿಗೇ ಚಹಾದಂಗಡಿ. ಅದರ ಮುಂದಿನ ಬೆಂಚು ಭೂಮಿಯ ಮೇಲಿನ ಅತಿ ಉದ್ದದ ಬೆಂಚು. ಶಿರಾಳಕೊಪ್ಪದಲ್ಲಿ ಕೆಲಸವಿಲ್ಲದವರೆಲ್ಲ ಅದರ ಮೇಲೆ ಹಿಡಿಸಿ, ಇನ್ನೂ ಅಕ್ಕಪಕ್ಕದ ಹಳ್ಳಿಯವರಿಗೆ ಜಾಗ ಮಿಗುತ್ತಿತ್ತು. ಅವಳು ಮಕ್ಕಳಿಗೆ ಕೇಳಿದ್ದಕ್ಕೆ ಬೆಂಚು ಉತ್ತರ ಹೇಳುತ್ತಿತ್ತು. ಎಕ್ಸ್ ಅಂದ್ರ ಎಷ್ಟು ಮೇಡಂ, ನಮಗೂ ಹೇಳ್ರಿ ಮೇಡಂ ಎಂದು ಗಂಟಲು ಸಣ್ಣ ಮಾಡಿಕೊಂಡು ಕೂಗುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ. ಕಿವಿಯ ವೈರನ್ನು ಇನ್ನಷ್ಟು ಒಳಗೆ ಒತ್ತಿಕೊಳ್ಳುತ್ತಿದ್ದಳು. ಅದೇ ಹೊತ್ತಿಗೆ ಮುಂದಿನ ಕೋಣೆಯ ಕಿಟಕಿಯ ಹಿಂದೆ ಈಶ್ವರ, ಡೀಜೆಗಳು ಬಂದ ಮೇಲೆ ಯಾರೂ ಬಾಡಿಗೆಗೆ ಕೇಳದ ಹಾರ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯಿಂದ ಉಜ್ಜುತ್ತ ಕೂತಿರುತ್ತಿದ್ದ. ಅವನು ಒಂದೇ ಒಂದು ಸಲ ಕೆಮ್ಮಿದ್ದರೂ ಆ ಬೆಂಚು ಸೊರಬದ ತನಕ ಹಾರಿ ಹೋಗಿ ಬೀಳಬೇಕಿತ್ತು. ಕೆಮ್ಮಲಿಲ್ಲ. ತಾನು ಬಾಯಿ ತೆಗೆದರೆ ಅವರು ವಾಪಸು ಏನು ಹೇಳುತ್ತಾರೆಂದು ಅವನಿಗೆ ಗೊತ್ತಿತ್ತು. ಅವನದೇ ಮಾತನ್ನು ಅವನಿಗೇ ಹೇಳುತ್ತಾರೆ. ಅವಳು ಅಲ್ಲಿಂದ ಒಳಗೆ ಬರಬೇಕು, ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಪಾಠ ಮಾಡಬೇಕು, ಅಷ್ಟಾದರೆ ಸಾಕು ಎಂದುಕೊಂಡೇ ಅವನು ಬಸ್ಸು ಹತ್ತಿದ್ದು. ಅಷ್ಟು ಮಾತ್ರ ಅಲ್ಲ ಎನ್ನುವುದು ಬಸ್ಸಿನ ಕಂಬಿ ಹಿಡಿದ ಕೈಗೂ ಗೊತ್ತಿತ್ತು. ಗಂಡನ ಮನೆಯಿಂದ ವಾಪಸು ಬಂದ ಮೇಲೆ ಅವಳು ಅವನನ್ನು ಏನೆಂದೂ ಕರೆದಿರಲಿಲ್ಲ. ಊಟಕ್ಕೆ ಕರೀತಾರ, ಕರೆಂಟಿನವರು ಬಂದಾರ ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಹೋಗುತ್ತಿದ್ದಳು. ಆ ವಾಕ್ಯಗಳ ಮೊದಲು ಇರಬೇಕಾದ 'ಅಪ್ಪಾ' ಬಿದ್ದುಹೋಗಿ, ಅಲ್ಲೊಂದು ಕಿತ್ತ ಹಲ್ಲಿನ ಜಾಗ ಉಳಿದಿತ್ತು. ಅವನ ನಾಲಿಗೆ ದಿನವೆಲ್ಲ ಅಲ್ಲಿಗೇ ಹೋಗುತ್ತಿತ್ತು.

ಯಶೋಧರಾ ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಳಿಸಿ ವಿವರಿಸತೊಡಗಿದ್ದಳು. ಇವೆಲ್ಲ ಎರಡು ಥರದ ಅಲೆ ಬಿಡುತ್ತವಂತೆ. ಒಂದು ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. ಇನ್ನೊಂದು ಬಹಳ ಜೋರು, ಆದರೆ ಗೋಡೆ ಕಂಡರೆ ಅಲ್ಲೇ ಕೂತುಬಿಡುತ್ತದೆ. ಈಶ್ವರನಿಗೆ ಇದು ಕೂಡಲೆ ಅರ್ಥವಾಯಿತು. ಪಕ್ಕದ ಮನೆಯಲ್ಲಿ ಹಾಡು ಹಾಕಿದರೆ ಡೋಲಿನ ಗುಮ್ಮು ಗೋಡೆ ದಾಟಿ ಬರುತ್ತದೆ, ತಾಳದ ಕಿಣಿಕಿಣಿ ಬರುವುದಿಲ್ಲ, ಇಷ್ಟೇ ತಾನೆ. ಇದನ್ನು ಅವನು ಆಕೆಗೆ ಹೇಳಿದ. ಹೇಳುವಾಗ ತನ್ನ ದನಿ ಹಳೆಯ ಗತ್ತಿಗೆ ಏರಿದ್ದು ಕೇಳಿ ಅವನಿಗೇ ಹಿತವಾಯಿತು. ಆಕೆ, ಹೌದ್ರಿ, ಹಂಗೇ ಎಂದು, ಕೊನೆಗೆ ಎರಡು ಬಿಳಿಯ ಪುಟ್ಟ ಡಬ್ಬಿಗಳನ್ನು ಗಾಜಿನ ಮೇಲೆ ಇಟ್ಟಳು. ಕೊಂಬಿಲ್ಲ, ಕಿವಿಯಿಲ್ಲ, ಸುಣ್ಣದ ಡಬ್ಬಿಯ ಹಾಗೆ ಮೊದ್ದಾಗಿದ್ದವು. ಒಂದನ್ನು ಲೈನು ಬಂದ ಕಡೆ ಇಡುವುದು, ಇನ್ನೊಂದನ್ನು ಮಗಳ ಕೋಣೆಯ ಒಳಗೆ ಇಡುವುದು, ಅವೆರಡೂ ತಮ್ಮ ತಮ್ಮಲ್ಲೇ ಮಾತಾಡಿಕೊಂಡು ನೆಟ್ಟು ದಾಟಿಸುತ್ತವೆ. ಅಂಥ ಗೋಡೆಗೆ, ನಡುವೆ ಅಷ್ಟು ತಗಡು ಕಬ್ಬಿಣ ಇರುವ ಮನೆಗೆ, ಇದೇ ಸರಿ, ಒಂದೇ ದೊಡ್ಡ ಪೆಟ್ಟಿಗೆ ಸಾಲದು ಎಂದಳು. ಮಗಳ ಕೋಣೆಯ ಒಳಗೆ. ಈಶ್ವರ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದ. ಇದನ್ನು ಹಿಡಿದುಕೊಂಡು ಅಡಿಗೆಮನೆ ದಾಟಬೇಕು. ಬಾಗಿಲು ತಟ್ಟಬೇಕು. ಬಾಗಿಲು ತೆಗೆದಾಗ ಏನಾದರೂ ಹೇಳಬೇಕು. ಹೆಂಡತಿ ಸರ್ವಮಂಗಳಳ ಕೈಲಿ ಕೊಟ್ಟು ಕಳಿಸೋಣವೆಂದರೆ, ಅವಳು ಆ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ನಿಮ್ಮಿಬ್ಬರ ನಡುವೆ ನಾನು ವೈರಿನ ಕೆಲಸ ಮಾಡಿ ಮಾಡಿ ಸುಟ್ಟು ಹೋಗೀನಿ, ಹೇಳೋದಿದ್ರೆ ನೀವೇ ಹೋಗಿ ಹೇಳ್ರಿ ಎಂದು ಕೈ ತೊಳೆದುಕೊಂಡಿದ್ದಳು.

"ನೀವು ಬಿಂದುಶ್ರೀ ಸೌಂಡ್ಸ್‌ನೋರು ಅಲ್ಲೇನ್ರಿ?" ಯಶೋಧರಾ ಬಿಲ್ಲಿನ ಪುಸ್ತಕ ಹುಡುಕುತ್ತ ಕೇಳಿದಳು. "ನಮ್ಮ ತವರು ಆನವಟ್ಟಿ. ನಿಮ್ಮ ಮಗಳ ಮದುವಿಗೆ ನಾನೂ ಬಂದಿದ್ದೆ. ಊಟ ಭಾಳ ಚಲೋ ಇತ್ರಿ."

ಊಟ. ಅದೊಂದನ್ನೇ ಹೇಳಿದಳು, ಹೇಳಿದವಳು ತಲೆ ಎತ್ತಲಿಲ್ಲ. ಅಷ್ಟರಿಂದಲೇ ಈಶ್ವರನಿಗೆ ಆವತ್ತಿನ ಮಾತನ್ನು ಆಕೆಯೂ ಕೇಳಿಸಿಕೊಂಡಿದ್ದಾಳೆ ಎಂದು ಖಚಿತವಾಯಿತು. ಆನವಟ್ಟಿಯ ಆ ಕಲ್ಯಾಣಮಂಟಪದಲ್ಲಿ ಆವತ್ತು ಹತ್ತು ಸಾವಿರ ಜನ, ಅಲ್ಲ, ಲಕ್ಷ ಜನ, ಹುಟ್ಟಿದವರು ಸತ್ತವರು ಎಲ್ಲ ಬಂದು ಕೂತಿದ್ದರು. ಮಗಳ ಮದುವೆಗೆ ಬೇರೆಯವನ ಮೈಕ್‌ಸೆಟ್ಟು ತರಿಸುವುದುಂಟೆ? ಮಂಟಪದ ನಾಲ್ಕೂ ಮೂಲೆಗೆ, ಊಟದ ಹಾಲಿಗೆ, ಕೈ ತೊಳೆಯುವ ನಲ್ಲಿಯ ಮೇಲಕ್ಕೂ ಅವನದೇ ಹಾರ್ನು. ಪ್ರತಿ ಪೆಟ್ಟಿಗೆಯ ಮೇಲೂ ಅವಳದೇ ಹೆಸರು, ಅವಳು ಹುಟ್ಟಿದ ವರ್ಷ ಅವನೇ ಕೈಯಾರೆ ಬರೆದ ಹಳದಿ ಅಕ್ಷರ. ಧಾರೆ ಮುಗಿದಿತ್ತು. ವೈರಿಲ್ಲದ ಕೈಮೈಕಿನಲ್ಲಿ ಅವನು, ಎಲ್ಲರೂ ಸಾವಕಾಶವಾಗಿ ಊಟ ಮಾಡಿಯೇ ಹೋಗಬೇಕು, ಇಂಥ ಊಟ ಇಂದ್ರನ ಮನೆಯಲ್ಲೂ ಸಿಗುವುದಿಲ್ಲ ಎಂದು ಕೂಗಿ, ಮೈಕನ್ನು ಜುಬ್ಬದ ಜೇಬಿಗಿಳಿಸಿದ. ಆಗಲೇ ಹುಡುಗನ ಸೋದರಮಾವ ಉಜ್ಜಪ್ಪ ಶಾಲು ಹೊದೆಸುವುದರಲ್ಲಿ ತನ್ನನ್ನು ಮರೆತರೆಂದು ಮುನಿಸಿಕೊಂಡು ಕೋಣೆಯಲ್ಲಿ ಕೂತಿದ್ದಾನೆಂದು ಸುದ್ದಿ ಬಂತು. ಈಶ್ವರ ಓಡಿದ. ಬಾಗಿಲು ಹಾಕಿದ. ಉಜ್ಜಪ್ಪನ ಕಾಲಿನ ಹತ್ತಿರ ನೆಲಕ್ಕೆ ಕೂತ. ನಮ್ ಹುಡುಗಿ ನೋಡಾಕೆ ಅಷ್ಟಕ್ಕಷ್ಟೇರಿ, ಬಾಯಿನೂ ಜೋರು, ಎಷ್ಟು ಮಂದಿ ನೋಡಿ ಬ್ಯಾಡಂದು ಹೋಗಿದ್ರು, ನೀವು ದೊಡ್ಡ ಮನಸು ಮಾಡಿ ಒಪ್ಕಂಡ್ರಿ, ನನ್ ಮನೀ ಭಾರ ಇಳಿಸಿದ್ರಿ ಎಂದ. ಹುಟ್ಟಿದ ಲಾಗಾಯ್ತು ಕಂಡದ್ದನ್ನೆಲ್ಲ ಹಿಗ್ಗಿಸಿ ಹೇಳಿದ ಮನುಷ್ಯ, ತನ್ನ ಮನೆಯ ಸೊಳ್ಳೆಯನ್ನೂ ಗರುಡ ಅಂದವನು, ಆಯುಷ್ಯದಲ್ಲಿ ಒಂದೇ ಒಂದನ್ನು ಕುಗ್ಗಿಸಿ ಹೇಳಿದ್ದ. ಹೊರಗೆ ಯಾಕೋ ಸದ್ದೇ ಇರಲಿಲ್ಲ. ಲಕ್ಷ ಜನರ ಮಂಟಪದಲ್ಲಿ ಎಲೆಯ ಮೇಲೆ ಅನ್ನ ಬೀಳುವ ಸದ್ದೂ ಇರಲಿಲ್ಲ. ಅವನು ಬಾಗಿಲು ತೆಗೆದಾಗ ತನ್ನದೇ ಉಸಿರು ತಲೆಯ ಮೇಲಿನ ಹಾರ್ನಿನಿಂದ ತನ್ನ ಮೇಲೆ ಬಂದು ಬಿತ್ತು. ಜೇಬಿನೊಳಗೆ ಮೈಕಿನ ಕೆಂಪು ಚುಕ್ಕಿ ಬಟ್ಟೆ ದಾಟಿ ಹೊಳೆಯುತ್ತಿತ್ತು. ಬಿಂದುಶ್ರೀ ಮಂಟಪದ ಮೇಲೆ ಹಣೆಗೆ ಬಾಸಿಂಗ ಕಟ್ಟಿಕೊಂಡು ಕೂತಿದ್ದಳು, ಮತ್ತು ನೇರವಾಗಿ ಅವನನ್ನು ನೋಡಲಿಲ್ಲ, ಹಾರ್ನನ್ನು ನೋಡುತ್ತಿದ್ದಳು.

ಅವಳು ವಾಪಸು ಬಂದದ್ದು ಯಾಕೆಂದು ಜನ ನೂರು ಕಾರಣ ಕಟ್ಟಿದರು. ಕಾರಣ ಒಂದೇ. ಸೊರಬದ ಕಡೆಯ ಆ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ, ಬಾಗಿಲು ಜೋರಾಗಿ ಹಾಕಿಕೊಂಡರೂ, ನಿಮ್ಮಪ್ಪನೇ ಹೇಳ್ಯಾನಲ್ಲ ಎಂದು ಆ ಮಾತನ್ನೇ ಎತ್ತಿ ಬಡಿಸುತ್ತಿದ್ದರು. ಇದನ್ನು ಸರ್ವಮಂಗಳ ಒಲೆಯ ಕಡೆ ಮುಖ ಮಾಡಿಕೊಂಡು ಒಂದು ಸಲ ಹೇಳಿದ್ದಳು. ಎರಡನೆಯ ಸಲ ಹೇಳಿರಲಿಲ್ಲ.

ಚಲೋ ಅದಾಳ, ಮಗಳು ಭಾಳ ಚಲೋ ಅದಾಳ, ಸಾವಿರಾರು ಮಕ್ಕಳಿಗೆ ಪಾಠ ಹೇಳ್ತಾಳ ಎಂದು ಈಶ್ವರ ಯಶೋಧರಾ ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಟ್ಟ. ಕೈಯಲ್ಲಿದ್ದ ಸುಣ್ಣದ ಡಬ್ಬಿಯನ್ನು ಗಾಜಿನ ಮೇಲೆ ಹಿಂದಕ್ಕೆ ತಳ್ಳಿದ. ಇಂಥ ಗುಲಗಂಜಿ ಸಾಮಾನು ನಮ್ಮ ಮನೆಗೆ ಆಗುವುದಿಲ್ಲ, ಮೇಲಿನದನ್ನು ಇಳಿಸ್ರಿ ಎಂದ. ಮೇಲಿನ ಹಲಗೆಯ ಮೇಲೆ, ಯಾರೂ ಕೊಳ್ಳದೆ ಧೂಳು ಹಿಡಿದು, ಆರು ಕೊಂಬುಗಳ ಕರಿಯ ಪೆಟ್ಟಿಗೆ ಚೇಳಿನ ಹಾಗೆ ಮಲಗಿತ್ತು. ಅದನ್ನು ಕಂಡಾಗಿನಿಂದ ಅವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅದಾದರೆ ತಾನು ಅಡಿಗೆಮನೆ ದಾಟಬೇಕಿಲ್ಲ. ಅದಾದರೆ ಮುಂದಿನ ಕೋಣೆಯಲ್ಲಿ ನಿಂತೇ, ಗೋಡೆಗಳನ್ನೆಲ್ಲ ಸೀಳಿಕೊಂಡು, ಅವಳ ಕೋಣೆಗೆ ತಲುಪಬಹುದು. ಅವಳು ಫೋನು ನೋಡಿ, ಅರೆ ಎಂದು, ಬಾಗಿಲು ತೆಗೆದು ಬರಬಹುದು. ಯಶೋಧರಾ ಬೇಡವೆಂದೇ ಹೇಳಿದಳು. ಬೇಕಿದ್ದರೆ ಬಳಸಿ ನೋಡಿ, ಆಗದಿದ್ದರೆ ವಾಪಸು ತನ್ರಿ, ಬದಲು ಕೊಡ್ತೀನಿ ಎಂದೂ ಸೇರಿಸಿದಳು. ಆ ಔದಾರ್ಯ ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಪಕ್ಕದಲ್ಲಿ ಕೂತ ಮುದುಕ, ಸಂತೆಗೆ ಹೊರಟವನು, ಅದೇನು ಎಂದು ಕೇಳಿದ. ಇದನ್ನು ಹಚ್ಚಿದರೆ ಶಿರಾಳಕೊಪ್ಪದಿಂದ ದಿಲ್ಲಿಯವರೆಗೆ ಗಾಳಿಯಲ್ಲೇ ದಾರಿ ಆಗುತ್ತದೆ, ಸರ್ಕಾರದವರೇ ಕೇಳಿದ್ದರು, ನಾನೇ ಕೊಡಲಿಲ್ಲ ಎಂದ ಈಶ್ವರ. ಮುದುಕ ಗೌರವದಿಂದ ಸ್ವಲ್ಪ ಸರಿದು ಕೂತ. ಗದ್ದೆಗಳು ಹಿಂದೆ ಓಡುತ್ತಿದ್ದವು. ಬಿಂದುಶ್ರೀ ಸಣ್ಣವಳಿದ್ದಾಗ ಹೀಗೇ ತೊಡೆಯ ಮೇಲೆ ಕೂತು ಬರುತ್ತಿದ್ದಳು, ಮೈಕಿನ ಕೆಲಸಕ್ಕೆ ಎಲ್ಲಿಗೆ ಹೋದರೂ ಬೆನ್ನು ಹತ್ತುತ್ತಿದ್ದಳು. 'ಹಲೋ, ಚೆಕ್' ಎನ್ನುವುದು ಅವಳ ಕೆಲಸವಾಗಿತ್ತು. ಹಾರ್ನಿನಿಂದ ತನ್ನ ದನಿ ಬಂದರೆ ನಗುತ್ತ ಕಿವಿ ಮುಚ್ಚಿಕೊಳ್ಳುತ್ತಿದ್ದಳು, ಅಪ್ಪಾ, ನಾನು ಅಲ್ಲಿ ಮ್ಯಾಲೆ ಅದೀನಿ ಎನ್ನುತ್ತಿದ್ದಳು. ಪೆಟ್ಟಿಗೆಯ ಮೂಲೆ ತೊಡೆಗೆ ಚುಚ್ಚುತ್ತಿತ್ತು. ಅವನು ಅದನ್ನು ಸರಿಸಲಿಲ್ಲ.

ಮನೆಗೆ ಬಂದವನೇ ಏಣಿ ತಂದ. ಸರ್ವಮಂಗಳ ಊಟ ಮಾಡಿ ಮಾಡಬಾರದಾ ಎಂದದ್ದಕ್ಕೆ ಕೈಯಾಡಿಸಿದ. ಯಾರ ಸಹಾಯವೂ ಬೇಡ. ಹಾರ್ನು ಕಟ್ಟಲು ಹತ್ತದ ಮರ, ಏರದ ಕಂಬ ಇಲ್ಲದವನಿಗೆ ಇದೊಂದು ಲೆಕ್ಕವೆ? ಹಾರ್ನು ಕಟ್ಟುವುದಕ್ಕೆ ನಿಯಮ ಎರಡೇ: ಎತ್ತರದಲ್ಲಿ ಇರಬೇಕು, ಮುಖ ಬಯಲಿಗೆ ಇರಬೇಕು. ಆಯುಷ್ಯವೆಲ್ಲ ಕೈಗೆ ರೂಢಿಯಾದದ್ದು ಅದು. ಕೈ ಯೋಚನೆ ಮಾಡಲಿಲ್ಲ. ಮುಂದಿನ ಕೋಣೆಯ ಅಟ್ಟದ ಕಿಂಡಿಯಲ್ಲಿ, ಬೀದಿಗೆ ಮುಖಮಾಡಿ, ಆರು ಕೊಂಬುಗಳನ್ನೂ ನವಿಲಿನ ಗರಿಯ ಹಾಗೆ ಬಿಚ್ಚಿ, ತಂತಿಯಿಂದ ಬಿಗಿದು ಕಟ್ಟಿದ. ವೈರು ಚುಚ್ಚಿದ. ಫೋನಿನಲ್ಲಿ ಬರೆದಿದ್ದ ಹಾಗೆ ಒಂದೊಂದೇ ಒತ್ತುತ್ತ ಹೋದ. ಒಂದು ಕಡೆ ಅದು, ಈ ನೆಟ್‌ವರ್ಕಿಗೆ ಏನು ಹೆಸರಿಡುತ್ತೀರಿ ಎಂದು ಕೇಳಿತು. ಇದಕ್ಕೂ ಹೆಸರಿಡಬಹುದೆ? ಅವನು ಬದುಕಿನಲ್ಲಿ ಇಟ್ಟ ಹೆಸರು ಒಂದೇ, ಇಟ್ಟದ್ದಕ್ಕೆಲ್ಲ ಅದನ್ನೇ ಇಟ್ಟಿದ್ದ. ಆಂಪ್ಲಿಫೈಯರಿಗೆ, ಟ್ರಂಕಿಗೆ, ಬಾಡಿಗೆ ಟೆಂಪೋದ ಹಲಗೆಗೆ. ಒಂದು ಬೆರಳಿನಿಂದ, ಅಕ್ಷರ ತಪ್ಪಾದೀತೆಂದು ಹೆದರುತ್ತ, ಬರೆದ: ಬಿಂದುಶ್ರೀ. ಒತ್ತಿದ. ಹಸಿರು ದೀಪ ಬಂತು. ಅವಳು ಇನ್ನು ಫೋನು ತೆಗೆದ ಕೂಡಲೆ ಇದನ್ನು ನೋಡುತ್ತಾಳೆ. ಬಾಯಲ್ಲಿ ಹೇಳಲಾಗದ್ದನ್ನು ಇದು ಹೇಳುತ್ತದೆ ಎಂದುಕೊಂಡಾಗ ಏಣಿಯ ಮೇಲೆ ನಿಂತಿದ್ದ ಈಶ್ವರನ ತಲೆ ಆಕಾಶಕ್ಕೆ ತಾಗಿತ್ತು, ಒಂದೆರಡು ಮೋಡ ಅವನ ವಿಭೂತಿ ಒರೆಸಿ ಹೋಗಿದ್ದರೂ ಆಶ್ಚರ್ಯವಿಲ್ಲ.

ಆಮೇಲೆ ಫೋನು ಹಿಡಿದುಕೊಂಡು ಒಳಗೆ ನಡೆದ. ಮುಂದಿನ ಕೋಣೆಯಲ್ಲಿ ಸಿಗ್ನಲ್ಲಿನ ಗೆರೆಗಳು ಪೂರ್ತಿ ಇದ್ದವು. ಹಾರ್ನುಗಳ ಕೋಣೆಗೆ ಕಾಲಿಟ್ಟ ಕೂಡಲೆ ಒಂದು ಗೆರೆ ಉದುರಿತು. ಅಲ್ಯೂಮಿನಿಯಮ್ಮಿನ ಆ ಹಾರ್ನುಗಳು ಗೋಡೆಯುದ್ದಕ್ಕೂ ಬಾಯಿ ತೆರೆದುಕೊಂಡು, ಬಂದದ್ದನ್ನು ಬಂದಂತೆ ನುಂಗುತ್ತ ಕೂತಿದ್ದವು. ನಡುಮನೆಯಲ್ಲಿ ಇನ್ನೊಂದು ಗೆರೆ. ಅಡಿಗೆಮನೆಯಲ್ಲಿ ಒಲೆಯ ಹತ್ತಿರ ನಿಂತಾಗ ಕೊನೆಯ ಗೆರೆ ಒಂದು ಸಲ ಮಿಟುಕಿ ಸತ್ತಿತು. ಅಲ್ಲಿಂದ ಅವಳ ಬಾಗಿಲು ಕಾಣುತ್ತಿತ್ತು. ಮುಚ್ಚಿತ್ತು. ಬಾಗಿಲ ಕೆಳಗೆ ಬೆಳಕಿನ ಒಂದು ಗೆರೆ. ಈಶ್ವರ ಫೋನನ್ನು ಆ ಕಡೆಗೆ ಚಾಚಿ, ತುದಿಗಾಲಿನಲ್ಲಿ, ನೈವೇದ್ಯ ಹಿಡಿದವನ ಹಾಗೆ ನಿಂತ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅವಳು ಅವನ ಚಾಚಿದ ಕೈಯನ್ನು ನೋಡಿ, ಬದಿಗೆ ಸರಿದು, ಫೋನು ವೈರು ತೆಗೆದುಕೊಂಡು, ಕ್ಲಾಸಿನ ಹೊತ್ತಾಯಿತೆಂದು ಗೇಟಿನ ಕಡೆ ನಡೆದಳು. ಕೈ ಹಾಗೇ ಉಳಿಯಿತು. ನೀರು ಬೇಕೇನ್ರಿ ಎಂದು ಸರ್ವಮಂಗಳ ಕೇಳಿದಳು.

ಸಂಜೆಯ ಬಿಸಿಲು ಬೀದಿಗೆ ಅಡ್ಡವಾಗಿ ಬಿದ್ದಿತ್ತು. ಈಶ್ವರ ಕಿಟಕಿಯ ಹಿಂದೆ ತನ್ನ ಜಾಗಕ್ಕೆ ಬಂದು, ಹಾರ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನಾಳೆ ಹಾರ್ನುಗಳನ್ನು ಸರಿಸಿದರಾಯಿತು, ಆಗ ದಾಟುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ಎದುರಿನ ಬೆಂಚು ಆವತ್ತು ವಿಚಿತ್ರವಾಗಿ ಸುಮ್ಮನಿತ್ತು. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಫೋನು ನೋಡುತ್ತಿದ್ದರು. ಆಮೇಲೆ ಒಬ್ಬ ನಕ್ಕ. ನಗು ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸು ಬಂತು.

"ಬಿಂದುಶ್ರೀ ಫುಲ್ ಐತಲೇ. ಪಾಸ್‌ವರ್ಡ್ ಕೇಳ್ತತಿ."

"ನಂಗೂ ಬಂದಾಳ, ನೋಡು. ನನ್ ಕಡೀನೂ ಫುಲ್."

"ಊರಿಗೆಲ್ಲಾ ಬಂದಾಳೇಳು. ಅವರಪ್ಪ ಕೊಡೋದಾದ್ರೆ ಮೈಕಿನಾಗೇ ಕೊಡ್ತಾನ."

ಈಶ್ವರನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾದದ್ದು ಕಾಲಿನಿಂದ ಮೇಲಕ್ಕೆ ಏರಿತು. ಎತ್ತರದಲ್ಲಿ, ಬಯಲಿಗೆ ಮುಖಮಾಡಿ, ಆರು ಕೊಂಬೂ ಬಿಚ್ಚಿಕೊಂಡು, ಕಿಂಡಿಯೊಳಗಿನ ಪೆಟ್ಟಿಗೆ ಸದ್ದೇ ಇಲ್ಲದೆ ಅವಳ ಹೆಸರನ್ನು ಬೀದಿಯ ಪ್ರತಿಯೊಬ್ಬನ ಅಂಗೈಗೆ ಇಳಿಸುತ್ತಿತ್ತು. ಬೆಂಚಿಗೆ, ಬೈಕಿನ ಮೇಲೆ ಹೋಗುವವನಿಗೆ, ಆನವಟ್ಟಿಗೆ ಹೊರಟು ನಿಂತ ಬಸ್ಸಿನ ಕಿಟಕಿ ಕಿಟಕಿಗೆ. ಅವನ ಹಾರ್ನುಗಳಾದರೂ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದವು. ಮರದ ಕೆಳಗೆ ಬಿಂದುಶ್ರೀ ಪಾಠ ನಿಲ್ಲಿಸಿದ್ದಳು. ಕಿವಿಯ ವೈರು ತೆಗೆದಳು. ತನ್ನ ಫೋನಿನಲ್ಲಿ ಏನನ್ನೋ ನೋಡಿದಳು. ಆಮೇಲೆ ನಿಧಾನವಾಗಿ ತಲೆಯೆತ್ತಿ ಅಟ್ಟದ ಕಿಂಡಿಯನ್ನು ನೋಡಿದಳು. ಮಂಟಪದ ಮೇಲಿನಿಂದ ಹಾರ್ನನ್ನು ನೋಡಿದ ನೋಟವೇ ಅದು, ಸ್ವಲ್ಪವೂ ಹಳತಾಗಿರಲಿಲ್ಲ.

ಅವಳು ಒಳಗೆ ಬಂದು ಅವನ ಎದುರು ನಿಂತಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಅಪ್ಪಾ" ಎಂದಳು. "ನನ್ ಹೆಸರು ತೆಗಿ. ಅದರಾಗಿಂದೂ ತೆಗಿ, ನಿನ್ ಡಬ್ಬೀ ಮ್ಯಾಲಿಂದೂ ತೆಗಿ. ಎಲ್ಲೂ ಇರಬಾರದು."

ಅಷ್ಟು ಹೇಳಿ ಹೋದಳು. ಅಡಿಗೆಮನೆಯ ಆಚೆ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅಪ್ಪಾ. ಎಷ್ಟೋ ಕಾಲದಿಂದ ಹಗಲೂ ಇರುಳೂ ಕಾದಿದ್ದ ಮಾತು ಹೀಗೆ ಬಂದು ಅವನ ಎದುರಿಗೆ ನಿಂತು ಹೋಗಿತ್ತು, ಉಳಿದ ಮಾತುಗಳನ್ನು ಹೊತ್ತುಕೊಂಡು ಬರುವುದಕ್ಕೆ ಮಾತ್ರ ಬಂದ ಕೂಲಿಯವಳ ಹಾಗೆ. ಅದನ್ನು ಹಿಡಿದಿಟ್ಟುಕೊಳ್ಳಬೇಕೋ ಬಿಡಬೇಕೋ ತಿಳಿಯದೆ ಈಶ್ವರ ಹಾರ್ನಿನ ಮೇಲೆ ಬಟ್ಟೆ ಹಿಡಿದ ಕೈಯನ್ನು ಇಟ್ಟುಕೊಂಡೇ ಕೂತ. ಆಮೇಲೆ ಎದ್ದು ಏಣಿ ಹತ್ತಿ ವೈರು ಕಿತ್ತ. ಬೆಂಚಿನ ಮೇಲಿನಿಂದ, ಹೋಯ್ತಲೇ, ಬಿಂದುಶ್ರೀ ಹೋದ್ಲು ಎಂದು ಕೂಗಿದ್ದು ಕೇಳಿಸಿತು.

ಮರುದಿನ ಅಂಗಡಿಯಲ್ಲಿ ಯಶೋಧರಾ ಏನಾಯ್ತು ಎಂದು ಕೇಳಲಿಲ್ಲ. ಅವನು ವಾಪಸು ತಂದ ಕರಿಯ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ ಒಳಗಿಟ್ಟು, ಬಿಳಿಯ ಪುಟ್ಟ ಜೋಡಿಯನ್ನು ತಾನೇ ಗಾಜಿನ ಮೇಲಿಟ್ಟಳು. ಈಶ್ವರ ಒಂದೇ ಮಾತು ಕೇಳಿದ, ಹೆಸರಿಲ್ಲದಂಗ ಮಾಡಾಕ ಬರ್ತತೇನ್ರಿ ಎಂದ. ಅವನ ದನಿ ಎಷ್ಟು ಸಣ್ಣಗಿತ್ತೆಂದರೆ ಆಕೆ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಬೇಕಾಯಿತು. ಹೆಸರು ಇದ್ದೇ ಇರುತ್ತದೆ, ಆದರೆ ಯಾರಿಗೂ ಕಾಣದ ಹಾಗೆ ಮಾಡಬಹುದು, ಗೊತ್ತಿದ್ದವರು ತಾವೇ ಬರೆದುಕೊಂಡು ಒಳಗೆ ಹೋಗಬೇಕು ಎಂದಳು. ಎರಡನ್ನೂ ಅಲ್ಲೇ ಜೋಡಿಸಿ ಹಾಗೆ ಮಾಡಿಕೊಟ್ಟಳು. ಮಗಳಿಗೆ ಕೊಡ್ರಿ, ಹೆಸರು ಪಾಸ್‌ವರ್ಡು ಅವರೇ ತಮಗೆ ಬೇಕಾದ್ದು ಹಾಕ್ಕೊಳ್ಳಲಿ ಎಂದಳು. ಬರುವಾಗ ಬಸ್ಸಿನಲ್ಲಿ ಯಾರೋ ಕೈಚೀಲದಲ್ಲಿ ಏನಿದೆ ಎಂದು ಕೇಳಿದರು. ಎರಡು ಡಬ್ಬಿ ಎಂದ.

ಹಾರ್ನುಗಳನ್ನೆಲ್ಲ ಹಿತ್ತಲಿನ ತಗಡಿನ ಕೆಳಗೆ ಸಾಗಿಸಿದ. ಮೈಕ್‌ಸೆಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು ಅವಳ ಹೆಸರನ್ನು ಚಾಕುವಿನಿಂದ ಹೆರೆದ. ಹಳೆಯ ಎಣ್ಣೆಬಣ್ಣ, ಸುಲಭಕ್ಕೆ ಬಿಡಲಿಲ್ಲ. ಅಷ್ಟು ದಪ್ಪ ಬಳಿದಿದ್ದ. ಹಳದಿ ಪುಡಿ ಉಗುರಿನೊಳಗೆ, ಮೊಳಕೈಗೆ, ಬೆವರಿನ ಜೊತೆ ಕುತ್ತಿಗೆಗೆ ಅಂಟಿತು. ಒಂದು ಪೆಟ್ಟಿಗೆಯಲ್ಲಿ ಕೊನೆಯ 'ಶ್ರೀ' ಮಾತ್ರ ಏನು ಮಾಡಿದರೂ ಹೋಗಲಿಲ್ಲ, ಮರದ ಎಳೆಯೊಳಗೇ ಇಳಿದಿತ್ತು. ಅದನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟ.

ಕೈ ತೊಳೆದು, ಒಂದು ಡಬ್ಬಿಯನ್ನು ಮುಂದಿನ ಕೋಣೆಯ ಲೈನಿಗೆ ಚುಚ್ಚಿ, ಇನ್ನೊಂದನ್ನು ಹಿಡಿದುಕೊಂಡು ಅಡಿಗೆಮನೆ ದಾಟಿದ. ಸರ್ವಮಂಗಳ ಒಲೆಯ ಕಡೆ ತಿರುಗಿಕೊಂಡಳು. ಬಾಗಿಲು ತಟ್ಟಿದ. ತಟ್ಟಿದ್ದು ತನಗೇ ಕೇಳಿಸಲಿಲ್ಲವೆಂದು ಇನ್ನೊಂದು ಸಲ ತಟ್ಟಿದ. ಬಾಗಿಲು ಒಂದು ಮುಖದಷ್ಟು ತೆರೆಯಿತು. ಆ ಸಂದಿನಲ್ಲಿ ಅವಳ ಹಿಂದೆ ಒಂದು ಮೇಜು, ಮೇಜಿನ ಮೇಲೆ ಮಡಚಿಟ್ಟ ಬೆಡ್‌ಶೀಟು, ಗೋಡೆಗೆ ಅಂಟಿಸಿದ ಬಿಳಿ ಹಾಳೆ ಕಂಡವು. ಇಲ್ಲಿ ಪಾಠ ಮಾಡಬಹುದೆಂದು ಅವಳು ಎಂದೋ ಸಿದ್ಧಮಾಡಿಟ್ಟುಕೊಂಡಿದ್ದಳು. ಇದನ್ನು ನಿನ್ ಕ್ವಾಣ್ಯಾಗ ಇಡಬೇಕಂತ ಎಂದ. ಅದರ ಹಿಂದೆ ಇನ್ನೊಂದು ಮಾತಿತ್ತು. ಅವಳು ಲೋಕದಲ್ಲೇ ಇಲ್ಲದಂಥ ಹುಡುಗಿ, ಆವತ್ತು ತಾನು ಆ ಕೋಣೆಯಲ್ಲಿ ಹೇಳಿದ್ದು ಹುಟ್ಟಾ ಸುಳ್ಳು, ತನ್ನ ಎಲ್ಲ ಸುಳ್ಳುಗಳಲ್ಲಿ ಅದೊಂದೇ ನಿಜವಾದ ಸುಳ್ಳು ಎಂಬ ಮಾತು. ಮೈಕಿಲ್ಲದೆ ಅಷ್ಟು ದೊಡ್ಡದನ್ನು ಹೇಗೆ ಹೇಳುವುದೋ ಅವನಿಗೆ ಗೊತ್ತಿರಲಿಲ್ಲ. ಇಷ್ಟು ಹತ್ತಿರ ನಿಂತವರಿಗೆ ಅವನು ಏನನ್ನೂ ಹೇಳಿ ರೂಢಿಯಿರಲಿಲ್ಲ. ಅವಳು ಕಾಯ್ದಳೋ ಏನೋ, ಅವನ ಉಗುರಿನ ಹಳದಿ ನೋಡಿದಳು. ಡಬ್ಬಿ ತೆಗೆದುಕೊಂಡಳು.

"ನಾ ಹಚ್ಕೊಂತೀನಿ" ಎಂದಳು. ಬಾಗಿಲು ಮುಚ್ಚಿತು.

ಸಂಜೆ ಹೊಂಗೆಮರದ ಕೆಳಗೆ ಯಾರೂ ಇರಲಿಲ್ಲ. ಬೆಂಚು ಒಂದೆರಡು ಸಲ ಗೇಟಿನ ಕಡೆ ನೋಡಿ, ಬೇಸರವಾಗಿ ಒಬ್ಬೊಬ್ಬನಾಗಿ ಎದ್ದು ಹೋಯಿತು. ಮುಂದಿನ ಕೋಣೆಯಲ್ಲಿ ಈಶ್ವರ ಫೋನು ತೆಗೆದು ನೆಟ್ಟಿನ ಹೆಸರುಗಳ ಪಟ್ಟಿ ನೋಡಿದ. ಚಹಾದಂಗಡಿಯವನ ಹೆಸರಿತ್ತು, ಮೂಲೆಮನೆಯವರದಿತ್ತು, ಔಷಧಿ ಅಂಗಡಿಯದಿತ್ತು. ಅವನ ಮನೆಯದು ಇರಲಿಲ್ಲ. ಅವಳು ಏನು ಹೆಸರಿಟ್ಟಳೋ, ಕೇಳುವ ಧೈರ್ಯ ಅವನಿಗಿರಲಿಲ್ಲ, ಹೇಳಲು ಅವಳು ಬರಲಿಲ್ಲ. ನಾಲ್ಕು ಗೋಡೆ ಆಚೆ ಅವಳಿದ್ದಳು. ಕಿವಿಗೊಟ್ಟು ಕೇಳಿದ. ಅವನಜ್ಜ ಕಟ್ಟಿಸಿದ ಗೋಡೆ, ಆನೆ ಗುದ್ದಿದರೂ ಅಲುಗದ ಗೋಡೆ. ಒಂದಕ್ಷರವೂ ದಾಟಿ ಬರಲಿಲ್ಲ. ಆಗ ಕಂಪನಿಯವನು ಬಡಿದು ಹೋದ ಬಿಳಿ ಡಬ್ಬಿಯ ಮೇಲೆ ಅವನ ಕಣ್ಣು ಬಿತ್ತು. ನೆಟ್ಟು ಹರಿದಾಗ ಮಾತ್ರ ಮಿಟುಕುವ ಅದರ ಒಂದು ಹಸಿರು ದೀಪ, ಬೆಳಿಗ್ಗೆಯಿಂದ ಸತ್ತಂತಿದ್ದದ್ದು, ಈಗ ಪಟಪಟನೆ ಮಿಟುಕುತ್ತಿತ್ತು. ಒಮ್ಮೆ ಅವಸರವಾಗಿ, ಒಮ್ಮೆ ತಡೆದು, ಮತ್ತೆ ಅವಸರವಾಗಿ. ಈಶ್ವರ ಸ್ಟೂಲು ಎಳೆದುಕೊಂಡು ಅದರ ಎದುರು ಕೂತ. ಕತ್ತಲಾಗುತ್ತ ಬಂದಂತೆ ದೀಪದ ಬಣ್ಣ ಅವನ ಅಂಗೈಗೆ ಬಿತ್ತು.

ದೀಪ ಹಚ್ಚಲು ಬಂದ ಸರ್ವಮಂಗಳ, ಕತ್ತಲಾಗ ಏನು ನೋಡ್ತಾ ಕುಂತೀರಿ ಎಂದಳು. ಈಶ್ವರ ಸ್ವಿಚ್ಚಿನ ಕಡೆ ಹೋದ ಅವಳ ಕೈ ಹಿಡಿದ.

"ಮಾತಾಡಾಕತ್ಯಾಳ" ಎಂದ, ಪಿಸುದನಿಯಲ್ಲಿ, ಎಲ್ಲಿ ಕೇಳಿಸಿಬಿಡುತ್ತದೋ ಎಂಬಂತೆ.